ಗಲ್ಲಾದ ಹಣವೆಲ್ಲ ಲಾಭವಲ್ಲ



ಹತ್ತನೇ ತರಗತಿ ಮುಗಿಸಿ ಮುಂಬಯಿಗೆ ಬಂದವರು ನಾವು. ಎಷ್ಟೋ ವರ್ಷ ರಾತ್ರಿ ಗಲ್ಲಾ ಎಣಿಸಿ, ಉಳಿದದ್ದೇ ಲಾಭ ಎಂದುಕೊಂಡೆವು. ಒಮ್ಮೆ ತೆರಿಗೆ ಕಟ್ಟಲು ಕಾಸಿಲ್ಲದೆ ಮನೆಯವಳ ಬಳೆ ಅಡವಿಡಬೇಕಾಯಿತು. ಆಮೇಲೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಸಂಜೆ ಕಾಲೇಜಿನ ಅಕೌಂಟ್ಸ್ ತರಗತಿಗೆ ಸೇರಿದೆವು. ಮಕ್ಕಳ ಪ್ರಾಯದವರ ಜೊತೆ ಕುಳಿತು ಕಲಿತ ಮೂರು ಪಾಠ ಇಲ್ಲಿವೆ.

1. ತೆರಿಗೆ ನಮ್ಮ ಹಣವಲ್ಲ: 2017ರ ನವೆಂಬರ್ 15ರಿಂದ ನಮ್ಮಂಥ ಊಟ-ತಿಂಡಿಯ ಹೋಟೆಲುಗಳಿಗೆ ಜಿಎಸ್‌ಟಿ ಶೇ. 5. ಅಂದರೆ 105 ರೂಪಾಯಿ ಬಿಲ್ಲಿನಲ್ಲಿ 5 ರೂಪಾಯಿ ಸರಕಾರದ್ದು. ಅದನ್ನು ದಿನವೂ ಬೇರೆ ಖಾತೆಗೆ ಹಾಕಿ.

2. ಖರೀದಿಯ ತೆರಿಗೆಯೂ ಖರ್ಚೇ: ಈ ದರದಲ್ಲಿ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಕಮರ್ಷಿಯಲ್ ಗ್ಯಾಸಿಗೆ ಕೊಟ್ಟ ಶೇ. 18 ವಾಪಸು ಬಾರದು. ಅದನ್ನೂ ಸೇರಿಸಿಯೇ ದೋಸೆಯ ದರ ನಿಶ್ಚಯಿಸಬೇಕು.

3. ಸ್ಟಾಕ್ ಎಣಿಸದೆ ಲೆಕ್ಕವಿಲ್ಲ: ತಿಂಗಳ ಮೊದಲಿಗೆ 40,000 ರೂಪಾಯಿಯ ಸಾಮಾನು ಇತ್ತು, 3,00,000ದ್ದು ತಂದೆವು, ಕೊನೆಗೆ 60,000ದ್ದು ಉಳಿಯಿತು ಎನ್ನಿ. ಖರ್ಚಾದದ್ದು 2,80,000. ತೆರಿಗೆ ಬಿಟ್ಟು ವ್ಯಾಪಾರ 8,00,000 ಆಗಿದ್ದರೆ ಸಾಮಾನಿನ ಖರ್ಚು ಶೇ. 35. ಮಾರ್ಕೆಟ್ ದರ ಏರದೆ ಈ ಅಂಕೆ ಮಾತ್ರ ಏರಿದರೆ, ಎಲ್ಲೋ ಸೋರಿಕೆ ಇದೆ ಎಂದೇ ತಿಳಿಯಿರಿ.

ಬಾಡಿಗೆ, ಸಂಬಳ, ಕರೆಂಟು ಕಳೆದ ಮೇಲೆ ಉಳಿದದ್ದು ಲಾಭ.

ಬಳೆ ಬಿಡಿಸಿಕೊಂಡು ಬಂದಿದ್ದೇವೆ. ಲೆಕ್ಕ ಬರೆಯಲು ಬೇರೆಯವರಿರಲಿ; ಓದಲು ಮಾತ್ರ ಮಾಲಕನಿಗೇ ಬರಬೇಕು.