ಅಡ್ಡಿಲ್ಲೆ ಎನ್ನಬೇಡ, ಮಾಣಿ

ಗೇರುಸೊಪ್ಪ
ಚೌತಿ ಮುಗಿದ ವಾರ

ಪ್ರೀತಿಯ ಮಾಣಿ,

ಚೌತಿ ಮುಗಿಸಿ ಹೊರಟವನು ಸಾಗರ ಮುಟ್ಟಿದ ಮೇಲೆ ಫೋನ್ ಮಾಡಿದೆ. ನಿನ್ನ ದೊಡ್ಡಮ್ಮ ಚಕ್ಕುಲಿ ಡಬ್ಬಿ ಮರೆತು ಹೋದೆಯಲ್ಲ ಎಂದು ಗೋಳಾಡುತ್ತಿದ್ದಳು, ಆ ಗದ್ದಲದಲ್ಲಿ ನೀನು ಹೇಳಿದ್ದು ಅರ್ಧ ಕೇಳಿಸಿತು: ಮಾಲೆಮನೆ ಘಟ್ಟ ಹತ್ತುವಾಗ ಬಾನೆಟ್ಟಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಹತ್ತು ನಿಮಿಷ ನಿಲ್ಲಿಸಿದೆ, ಮತ್ತೆ ಬರಲಿಲ್ಲ, ಮಾವಿನಗುಂಡಿಯಲ್ಲಿ ಚಾ ಕುಡಿದು ಹೊರಟೆ. ಕೊನೆಗೊಂದು ಮಾತು: "ಈ ಮಾಡೆಲ್ಲಿಗೆ ಎಂತದೋ ರಿಕಾಲ್ ಬಂದಿದ್ದಡ, ಹಳೇ ಓನರಿಗೆ ಕಾಗದ ಹೋಗಿರಬೇಕು. ಅಡ್ಡಿಲ್ಲೆ ದೊಡ್ಡಪ್ಪ, ನೋಡುವ."

ಆ "ಅಡ್ಡಿಲ್ಲೆ" ನನ್ನ ನಿದ್ದೆ ಕೆಡಿಸಿತು. ಕವಳ ತೀರಿದರೂ ಅಡ್ಡಿಲ್ಲೆ, ಹೊಳೆ ಅಂಗಳಕ್ಕೆ ಬಂದರೂ ಅಡ್ಡಿಲ್ಲೆ. ನಮ್ಮ ಸೀಮೆಯವರ ಬಾಯಲ್ಲಿ ಇದು ಸಮಾಧಾನದ ಮಾತು, ನನಗೂ ಇಷ್ಟದ್ದೇ. ಆದರೆ ಮೂವತ್ತು ವರ್ಷ ಹೊನ್ನಾವರದಲ್ಲಿ ಗ್ಯಾರೇಜು ನಡೆಸಿದವನು ನಾನು. ಸುಟ್ಟ ವಾಸನೆಗೂ ರಿಕಾಲಿಗೂ ಆ ಮಾತು ಹೊಂದುವುದಿಲ್ಲ ಎಂದು ಗೊತ್ತು. ಫೋನಿನಲ್ಲಿ ಹೇಳಿದರೆ ನೀನು "ಹೂಂ ಹೂಂ" ಎಂದು ಇನ್ನೊಂದು ಕಿವಿಯಲ್ಲಿ ಬಿಡುತ್ತೀಯ, ಅದಕ್ಕೇ ಕಾಗದ.

ಮೊದಲು ಘಟ್ಟದ ಮಾತು. ಹಿಂದೆ ಅಂಬಾಸಿಡರು, ಪದ್ಮಿನಿಗಳ ಕಾಲದಲ್ಲಿ ಗೇರುಸೊಪ್ಪದಿಂದ ಮೇಲೆ ಹೊರಡುವ ಡ್ರೈವರು ಒಂದು ಕ್ಯಾನ್ ನೀರು, ಒಂದು ಹಳೇ ಪಂಚೆ ತುಂಡು ಇಟ್ಟುಕೊಂಡೇ ಹೊರಡುತ್ತಿದ್ದ. ಅರ್ಧ ಏರಿಗೆ ರೇಡಿಯೇಟರ್ ಕುದಿಯುತ್ತಿತ್ತು. ಕಾದ ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ಕೆಮ್ಮುತ್ತ ನಿಂತರೆ, ತಿರುವಿನ ಝರಿಯಲ್ಲಿ ಪಂಚೆ ಅದ್ದಿ ಪಂಪಿಗೆ ಸುತ್ತುತ್ತಿದ್ದರು. ಆ ಗಾಡಿಗಳು ಕಷ್ಟವನ್ನು ಹೊಗೆಯುಗುಳಿ, ಶಬ್ದ ಮಾಡಿ, ರಸ್ತೆ ನಡುವೆ ಕೂತು ಹೇಳುತ್ತಿದ್ದವು. ನಿನ್ನ ಕಾರು ಹಾಗಲ್ಲ. ಎಸಿ ಹಾಕಿ, ಗಾಜು ಏರಿಸಿ, ಹಾಡು ಹಚ್ಚಿಕೊಂಡು ಹತ್ತುತ್ತೀಯ. ಬಾನೆಟ್ಟಿನ ಕೆಳಗೆ ಏನಾಗುತ್ತಿದೆ ಎಂಬ ಸುದ್ದಿ ಒಳಗೆ ಬರುವುದು ವಾಸನೆಯ ರೂಪದಲ್ಲಿ ಮಾತ್ರ, ಅದೂ ತಡವಾಗಿ. ಸಿಂಗಳೀಕ ಬಿಟ್ಟರೆ ಬೇರೆ ಜನವಿಲ್ಲದ, ಫೋನಿಗೆ ಸಿಗ್ನಲ್ ಸಿಗದ ಆ ಕಾಡಿನಲ್ಲಿ ಬಂದ ವಾಸನೆಯನ್ನು ನೀನು ಹತ್ತು ನಿಮಿಷದಲ್ಲಿ ಮರೆತೆ.

ಎಂಜಿನ್ ಬೆಂಕಿ ಎಂದರೆ ಜನ ದೊಡ್ಡ ಸ್ಫೋಟವನ್ನೇ ಊಹಿಸುತ್ತಾರೆ. ಹೆಚ್ಚಿನ ಸಲ ಅದರ ಹುಟ್ಟು ಬಹಳ ಸಣ್ಣದು. 2019ರ ಆಗಸ್ಟಿನಲ್ಲಿ ಮಾರುತಿ ಸುಝುಕಿಯವರು 40,618 ವ್ಯಾಗನ್ ಆರ್ ಕಾರುಗಳನ್ನು ವಾಪಸು ಕರೆದರಲ್ಲ, ಅಲ್ಲಿ ಕಂಡ ದೋಷ ಇಷ್ಟೇ: ಇಂಧನದ ರಬ್ಬರ್ ಪೈಪು ಲೋಹದ ಕ್ಲಾಂಪಿಗೆ ಉಜ್ಜುವ ಸಂಭವ. ಒಂದು ಕ್ಲಾಂಪು! ಉಜ್ಜಿ ತೂತಾದರೆ ಪೆಟ್ರೋಲು ತೊಟ್ಟಿಕ್ಕುತ್ತದೆ, ಕೆಳಗೆ ಕಾದ ಕಬ್ಬಿಣ ಕಾಯುತ್ತಿರುತ್ತದೆ. ದಕ್ಷಿಣ ಕೊರಿಯಾದಲ್ಲಿ 2018ರ ಬೇಸಿಗೆಯಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳು ಒಂದರ ಹಿಂದೊಂದು ರಸ್ತೆಯಲ್ಲೇ ಹೊತ್ತಿಕೊಂಡವು. ಹೊಗೆಯನ್ನು ತಣಿಸಿ ಎಂಜಿನ್ನಿಗೆ ಮರಳಿ ಕಳಿಸುವ ಕೂಲರ್ ಸೋರಿ, ಒಳಗೆ ಮಸಿ ಕಟ್ಟಿ, ಆ ಮಸಿಯೇ ಕೆಂಡವಾಗುತ್ತಿತ್ತು. ಒಂದು ಲಕ್ಷ ದಾಟಿದ ಕಾರುಗಳ ರಿಕಾಲ್ ಆಯಿತು. ತಪಾಸಣೆಯಾಗದ ಕಾರುಗಳನ್ನು ರಸ್ತೆಗೇ ಇಳಿಸಬಾರದು ಎಂದು ಸರ್ಕಾರ ಆಜ್ಞೆ ಹೊರಡಿಸಿತು. ಲಕ್ಷಗಟ್ಟಲೆ ಕೊಟ್ಟು ಕೊಂಡವರನ್ನು ಪಾರ್ಕಿಂಗ್ ಕಟ್ಟಡದವರು ಗೇಟಿನಲ್ಲೇ ತಡೆದರು.

ನಮ್ಮ ದೇಶದ ಕತೆ ನ್ಯಾನೋದ್ದು. 2009ರಲ್ಲಿ ಒಂದು ಲಕ್ಷದ ಕಾರು ಎಂದು ಬಂತು, ನನ್ನ ಗ್ಯಾರೇಜಿನ ಎದುರು ಜನ ಜಾತ್ರೆಯಂತೆ ಸೇರಿ ನೋಡಿದ್ದು ನೆನಪಿದೆ. ಮರುವರ್ಷ ಮುಂಬೈಯಲ್ಲಿ ಒಂದು, ಶೋರೂಮಿನಿಂದ ಮನೆಗೆ ಹೋಗುವ ದಾರಿಯಲ್ಲೇ ಉರಿಯಿತು. ಇನ್ನೂ ಕೆಲವು ಉರಿದವು. 2010ರ ನವೆಂಬರಿನಲ್ಲಿ ಟಾಟಾದವರು ಎಕ್ಸಾಸ್ಟಿಗೂ ವೈರಿಂಗಿಗೂ ಹೆಚ್ಚುವರಿ ರಕ್ಷಣೆಯನ್ನು ಪುಕ್ಕಟೆ ಹಾಕಿಕೊಡುತ್ತೇವೆ ಎಂದರು. ಆದರೆ ಅದನ್ನು ರಿಕಾಲ್ ಎಂದು ಕರೆಯಲು ಒಪ್ಪಲಿಲ್ಲ. ಆ ತಿಂಗಳು ದೇಶದಲ್ಲೆಲ್ಲ ಮಾರಾಟವಾದ ನ್ಯಾನೋ 509. ಆ ಒಂದು ಶಬ್ದವನ್ನು ನುಂಗಿಕೊಂಡು ಅವರು ಗಳಿಸಿದ್ದೇನು ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ದೋಷವನ್ನು ದೋಷ ಎಂದಿದ್ದರೆ ಜನ ನಂಬುತ್ತಿದ್ದರೇನೋ.

ಕಂಪನಿಗೆ ರಿಕಾಲ್ ಎಂದರೆ ಮಾನಹಾನಿ. ತಮಾಷೆಯೆಂದರೆ ಕೊಂಡವನಿಗೂ ಹಾಗೇ. "ನನ್ನ ಗಾಡಿಗೆ ಏನೂ ಆಗಿಲ್ಲ" ಎಂದು ಕಾಗದ ಮಡಚಿ ಪೆಟ್ಟಿಗೆಗೆ ಹಾಕುವವರನ್ನು ಎಷ್ಟು ನೋಡಿದ್ದೇನೋ! ಗಾಡಿ ಮಾರುವಾಗ ಬೆಲೆ ಇಳಿಯುತ್ತದೆ ಎಂಬ ಹೆದರಿಕೆ ಬೇರೆ. ಮಾಣಿ, ರಿಕಾಲ್ ಎಂದರೆ ಕಂಪನಿ ತನ್ನ ತಪ್ಪನ್ನು ತಾನೇ ಬರೆದುಕೊಟ್ಟ ಚೀಟಿ. ಅಂಥ ಚೀಟಿ ಸಿಗುವುದೇ ಅಪರೂಪ.

ಎಷ್ಟು ಅಪರೂಪ ಎನ್ನುವುದಕ್ಕೆ ಕಿಮ್ ಗ್ವಾಂಗ್-ಹೋ ಎಂಬವನ ಕತೆ ಕೇಳು. ಹ್ಯುಂಡೈ ಕಂಪನಿಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದ ಎಂಜಿನಿಯರ್. ಅಮೆರಿಕದಲ್ಲಿ ಮಾರಿದ ಕೆಲವು ಎಂಜಿನ್ನುಗಳಲ್ಲಿ, ಕ್ರ್ಯಾಂಕ್‌ಶಾಫ್ಟಿನ ಎಣ್ಣೆದಾರಿಯಲ್ಲಿ ಕಾರ್ಖಾನೆಯ ಲೋಹದ ಚೂರು ಉಳಿದುಬಿಡುತ್ತಿತ್ತು. ಎಣ್ಣೆ ಹರಿಯದೆ ಬೇರಿಂಗ್ ಸವೆದು, ಕನೆಕ್ಟಿಂಗ್ ರಾಡ್ ಮುರಿದು, ಬ್ಲಾಕನ್ನೇ ತೂತು ಮಾಡಿ ಹೊರಬಂದರೆ ಕಾದ ಎಣ್ಣೆ ಎಕ್ಸಾಸ್ಟಿನ ಮೇಲೆ ಚಿಮ್ಮುತ್ತದೆ. 2015ರಲ್ಲಿ 4,70,000 ಸೊನಾಟಾ ಕಾರುಗಳ ರಿಕಾಲ್ ಆಗಿತ್ತು. ಅದು ಸಾಲದು, ಕಂಪನಿ ಪೂರ್ತಿ ಹೇಳಿಲ್ಲ ಎಂದು ಕಿಮ್ 2016ರಲ್ಲಿ ದಾಖಲೆ ಹಿಡಿದು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ಬಾಗಿಲಿಗೆ ಹೋದ. ಕೆಲಸ ಹೋಯಿತು. ಮುಂದಿನ ವರ್ಷ ಇನ್ನೂ ಹನ್ನೆರಡು ಲಕ್ಷದಷ್ಟು ಕಾರುಗಳನ್ನು ಕರೆಯಬೇಕಾಯಿತು. 2020ರಲ್ಲಿ ಹ್ಯುಂಡೈ, ಕಿಯಾ ಎರಡೂ ಸೇರಿ ದಂಡ ಮತ್ತು ಸುರಕ್ಷತೆಯ ಖರ್ಚೆಂದು 21 ಕೋಟಿ ಡಾಲರಿಗೆ ಒಪ್ಪಿದವು. 2021ರಲ್ಲಿ ಕಿಮ್‌ಗೆ 2.4 ಕೋಟಿ ಡಾಲರಿಗೂ ಹೆಚ್ಚು ಇನಾಮು ಸಿಕ್ಕಿತು. ಆ ಚೀಟಿಯ ಹಿಂದೆ ಒಬ್ಬನ ನೌಕರಿ ಹೋಗಿರುತ್ತದೆ. ನೀನು ಅದನ್ನು ಹಳೇ ಓನರಿನ ಪೆಟ್ಟಿಗೆಯಲ್ಲಿ ಬಿಟ್ಟೆಯಲ್ಲ!

ಇನ್ನು ಕೆಲಸದ ಮಾತು. ಸೆಕೆಂಡ್ ಹ್ಯಾಂಡ್ ಗಾಡಿಯ ತೊಡಕೇ ಇದು, ಕಾಗದ ದಾಖಲೆಯಲ್ಲಿರುವ ಹಳೇ ವಿಳಾಸಕ್ಕೆ ಹೋಗುತ್ತದೆ. ಆರ್‌ಸಿ ತೆಗೆದು ಚಾಸಿ ನಂಬರ್ ನೋಡು, ಹದಿನೇಳು ಅಕ್ಷರ-ಅಂಕಿ ಇರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅದರಲ್ಲಿ ಇರುವುದಿಲ್ಲ, ಆದ್ದರಿಂದ ಗುಂಡಗೆ ಕಂಡದ್ದೆಲ್ಲ ಸೊನ್ನೆ ಎಂದೇ ಓದು. ಕಂಪನಿಯ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ನಿನ್ನ ಗಾಡಿ ಪಟ್ಟಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತದೆ. ಇದ್ದರೆ ಕೆಲಸ ಪುಕ್ಕಟೆ. ವಾರಂಟಿ ಮುಗಿದಿದೆ, ನೀವು ಎರಡನೇ ಓನರ್ ಎಂದೆಲ್ಲ ಕೌಂಟರಿನವರು ರಾಗ ಎಳೆದರೆ ನಗುತ್ತ ನಿಂತುಕೋ, ಹೊರಡಬೇಡ. "ಪಾರ್ಟ್ ಬಂದಿಲ್ಲ" ಎಂದರೆ ಅದನ್ನೇ ಜಾಬ್ ಕಾರ್ಡಿನಲ್ಲಿ ಬರೆಸು, ಈ ಗಾಡಿ ಓಡಿಸಬಹುದೇ ಎಂಬ ಪ್ರಶ್ನೆಯನ್ನು ಇಮೇಲಿನಲ್ಲಿ ಕೇಳು. ಬಾಯಿಮಾತಿಗೆ ಎಲ್ಲರೂ ಧಾರಾಳಿಗಳು, ಬರೆಯುವಾಗ ಮಾತ್ರ ನಿಜ ನೆನಪಾಗುತ್ತದೆ.

ನಿನಗಿರುವ ಬಲವೂ ತಿಳಿದಿರಲಿ. 2012ರಿಂದ ಇಲ್ಲಿ ರಿಕಾಲ್ ಎನ್ನುವುದು ಕಂಪನಿಗಳೇ ಒಪ್ಪಿ ಮಾಡಿಕೊಂಡ ಶಿಸ್ತಾಗಿತ್ತು, ಅಷ್ಟೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 110ಎ ಕಲಂ ಬಂತು, 2021ರ ಏಪ್ರಿಲ್ 1ರಿಂದ ನಿಯಮಗಳೂ ಜಾರಿಯಾದವು. ಏಳು ವರ್ಷದೊಳಗಿನ ಗಾಡಿಗಳಲ್ಲಿ ಸುರಕ್ಷತೆಯ ದೋಷವಿದೆ ಎಂದು ಸಾಕಷ್ಟು ದೂರು ಬಂದರೆ ಸರ್ಕಾರವೇ ರಿಕಾಲಿಗೆ ಆದೇಶ ಕೊಡಬಹುದು. ಆಗ ಕಂಪನಿ ರಿಪೇರಿ ಮಾಡಬೇಕು, ಇಲ್ಲ ಬೇರೆ ಗಾಡಿ ಕೊಡಬೇಕು, ಇಲ್ಲ ಹಣ ಮರಳಿಸಬೇಕು. ದೂರು ಎಣಿಕೆಗೆ ಬರಬೇಕಾದರೆ ದೂರು ಕೊಡಬೇಕಲ್ಲ? ಇಲ್ಲೇ ನಮ್ಮವರು ಎಡವುವುದು. ಗಾಡಿ ಉರಿದರೆ ದೃಷ್ಟಿ ತಾಗಿತು, ಹೊರಟ ಗಳಿಗೆ ಸರಿಯಿಲ್ಲ, ಬಂಗಾರಮಕ್ಕಿ ಹನುಮಂತನಿಗೆ ಕಾಯಿ ಒಡೆಸದೆ ಹೊರಟದ್ದೇ ತಪ್ಪು ಎನ್ನುತ್ತೇವೆ. ಕಾಯಿ ಒಡೆಸುವುದು ಬೇಡ ಎನ್ನುತ್ತಿಲ್ಲ, ನಾನೂ ಒಡೆಸುತ್ತೇನೆ. ಕ್ಲಾಂಪು ಕಟ್ಟುವುದು ಹನುಮಂತನ ಕೆಲಸವಲ್ಲ ಎನ್ನುತ್ತಿದ್ದೇನೆ.

ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ಒಬ್ಬರು ಘಟ್ಟದ ಮಂಜಿಗೆಂದು ಜೀಪಿಗೆ ದೊಡ್ಡ ದೀಪ ಹಾಕಿಸಲು ಬಂದರು. ರಿಲೇ, ಫ್ಯೂಸು ಹಾಕಿದರೆ ಖರ್ಚಾಗುತ್ತದೆಂದು ಇದ್ದ ವೈರನ್ನೇ ಸೀಳಿ ಸೇರಿಸಿ ಟೇಪು ಸುತ್ತಿಕೊಟ್ಟೆ. ತಿಂಗಳೊಳಗೆ ವೈರು ಕರಗಿ ಡ್ಯಾಶ್‌ಬೋರ್ಡಿನಲ್ಲಿ ಹೊಗೆ. ಮನೆಯ ಅಂಗಳದಲ್ಲಿ ನಿಂತಿದ್ದಾಗ ಆದದ್ದರಿಂದ ಜೀಪಿನವರು ಉಳಿದರು, ನಾನೂ ಉಳಿದೆ. ಬೈಯಲೂ ಇಲ್ಲ, ಆ ಮಹಾನುಭಾವರು. "ಅಡ್ಡಿಲ್ಲೆ" ಎಂದರು. ಆ ಶಬ್ದ ಅಂದೇ ನನಗೆ ಚುಚ್ಚಿತ್ತು. ನೀನು ಹೆಚ್ಚಿನ ಹಾರ್ನು, ದೀಪ, ಡಬ್ಬದಂಥ ಸ್ಪೀಕರು ಹಾಕಿಸಿದ್ದರೆ ತೆಗೆಸು. ಬೆಂಕಿಗಂತೂ ಅದು ದಾರಿಯೇ. ನಾಳೆ ಕಂಪನಿಯ ದೋಷದಿಂದಲೇ ಉರಿದರೂ "ಹೊರಗಿನ ಫಿಟಿಂಗು" ಎಂದು ಕೈ ತೊಳೆದುಕೊಳ್ಳಲು ಅವರಿಗೊಂದು ನೆಪ ಸಿಗುತ್ತದೆ.

ಇಲಿಯನ್ನೂ ಮರೆಯಬೇಡ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಬಾನೆಟ್ಟು ಇಲಿಗೆ ಬೆಚ್ಚನೆ ಬಾಣಂತಿಕೋಣೆ. ದರಕು, ಅಡಿಕೆ ಸಿಪ್ಪೆ, ಚಿಂದಿ ಎಲ್ಲ ತಂದು ಎಂಜಿನ್ ಮೇಲೆ ಗೂಡು ಕಟ್ಟುತ್ತದೆ, ವೈರಿನ ಹೊದಿಕೆ ಕಡಿಯುತ್ತದೆ. ಗ್ಯಾರೇಜಿಗೆ ಬಂದ ಗಾಡಿಗಳಿಂದ ನಾನು ಬುಟ್ಟಿಗಟ್ಟಲೆ ತೆಗೆದಿದ್ದೇನೆ.

ಮತ್ತೆ ವಾಸನೆಯೋ ಹೊಗೆಯೋ ಬಂದರೆ ಏನು ಮಾಡಬೇಕು, ಇದನ್ನು ಮಂತ್ರದಂತೆ ಬಾಯಿಪಾಠ ಮಾಡು. ಎಡಕ್ಕೆ ತಂದು ನಿಲ್ಲಿಸು. ನಿಲ್ಲಿಸುತ್ತಿರುವಾಗಲೇ ಗಾಜು ಇಳಿಸು, ಲಾಕು ತೆಗೆ. ವೈರು ಸುಟ್ಟ ಮೇಲೆ ಅವು ಕೇಳುವುದಿಲ್ಲ. ಎಂಜಿನ್ ಬಂದ್ ಮಾಡಿ ಎಲ್ಲರನ್ನೂ ಇಳಿಸು, ನೂರು ಅಡಿ ದೂರ ನಡೆಸು. ಬ್ಯಾಗು, ಲ್ಯಾಪ್‌ಟಾಪು ಒಳಗೇ ಇರಲಿ. ಬಾನೆಟ್ಟು ಎತ್ತಬೇಡ, ಎತ್ತಿದರೆ ಗಾಳಿ ನುಗ್ಗಿ ಕಿಡಿ ಜ್ವಾಲೆಯಾಗುತ್ತದೆ. ಸಿಗ್ನಲ್ ಸಿಕ್ಕಲ್ಲಿ 112ಕ್ಕೆ ಫೋನ್ ಮಾಡು. 2023ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ಹೆರಿಗೆಗೆ ಆಸ್ಪತ್ರೆಗೆ ಹೊರಟ ಕಾರು ಹೊತ್ತಿಕೊಂಡು, ಹಿಂದಿನ ಸೀಟಿನವರು ಹೊರಬಂದರು. ಮುಂದೆ ಕೂತ ಗಂಡ ಹೆಂಡತಿಗೆ ಬಾಗಿಲು ತೆರೆಯಲಾಗಲಿಲ್ಲ. ಆ ಸುದ್ದಿ ಓದಿದ ದಿನ ನಾನು ಗಾಜು ಒಡೆಯುವ ಸಣ್ಣ ಸುತ್ತಿಗೆಯೊಂದನ್ನು ತಂದೆ. ಕಪಾಟಿನಲ್ಲೇ ಇದೆ, ನಿನಗೆ ಕೊಡಬೇಕು. ಮುಂದಿನ ಗಾಜಿಗೆ ಹೊಡೆದು ಪ್ರಯೋಜನವಿಲ್ಲ, ಅದರ ನಡುವೆ ಪದರವಿರುತ್ತದೆ. ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು.

ಗಾಡಿ ಉರಿದೇ ಹೋಯಿತು ಎಂದಿಟ್ಟುಕೋ. ಗುಜರಿಯವನು ಬರುವ ಮೊದಲು ಎಲ್ಲ ದಿಕ್ಕಿನಿಂದ ಫೋಟೋ ತೆಗೆ, ಪೊಲೀಸು ಮತ್ತು ಅಗ್ನಿಶಾಮಕದ ವರದಿ ಮಾಡಿಸು, ವಿಮೆಯವರಿಗೆ ಅಂದೇ ತಿಳಿಸು. ಥರ್ಡ್ ಪಾರ್ಟಿ ವಿಮೆ ಒಂದೇ ಇದ್ದರೆ ಅದರಿಂದ ನಿನ್ನ ಗಾಡಿಗೆ ಚಿಕ್ಕಾಸೂ ಬಾರದು, ಅದನ್ನು ಈಗಲೇ ನೋಡಿಕೋ. ಸುಟ್ಟ ಗಾಡಿಯೇ ಸಾಕ್ಷಿ. ತನಿಖೆಯಾಗುವ ಮೊದಲು ಅದನ್ನು ಯಾರಿಗೂ ಒಯ್ಯಲು ಬಿಡಬೇಡ, "ನಾವೇ ಪರೀಕ್ಷಿಸುತ್ತೇವೆ" ಎನ್ನುವವರಿಗೂ ಸಹ. ಗ್ರಾಹಕ ಆಯೋಗಕ್ಕೆ ಹೋಗಬೇಕಾದರೆ ಕಾರವಾರಕ್ಕೇ ಬರಬೇಕೆಂದಿಲ್ಲ. 2019ರ ಕಾಯ್ದೆಯಂತೆ ನೀನು ವಾಸಿಸುವಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಸಲಹೆಗೆ 1915 ನಂಬರಿದೆ.

ದೀಪಾವಳಿಯ ದೊಡ್ಡಹಬ್ಬಕ್ಕೆ ಬರುತ್ತೇನೆ ಎಂದಿದ್ದೀಯ. ರಿಪೇರಿ ಮುಗಿದಿರದಿದ್ದರೆ ಬಸ್ಸಿಗೆ ಬಾ, ಹೊನ್ನಾವರದ ಬಸ್ಸು ಗೇರುಸೊಪ್ಪದ ಮೇಲೇ ಹೋಗುತ್ತದೆ, ನಾನು ಸರ್ಕಲ್ಲಿಗೆ ಬಂದು ನಿಲ್ಲುತ್ತೇನೆ. ಕಾರೇ ತಂದರೆ ಈ ಸಲ ಕೊಟ್ಟಿಗೆಯ ಮಾಡಿನ ಕೆಳಗೆ ನಿಲ್ಲಿಸುವುದು ಬೇಡ. ಹುಲ್ಲಿನ ಗೊಣಬೆ ಅಲ್ಲೇ ಪಕ್ಕದಲ್ಲಿದೆ, ಅದರಾಚೆ ದನ ಕಟ್ಟಿರುತ್ತೇವೆ. 2023ರಲ್ಲಿ ಅದೇ ಹ್ಯುಂಡೈ, ಕಿಯಾದವರು ಅಮೆರಿಕದಲ್ಲಿ ಸುಮಾರು 34 ಲಕ್ಷ ಕಾರುಗಳವರಿಗೆ, ರಿಪೇರಿಯಾಗುವವರೆಗೆ ಮನೆಯಿಂದ ದೂರ ಬಯಲಲ್ಲಿ ನಿಲ್ಲಿಸಿ ಎಂದೇ ಹೇಳಿದ್ದರು. ಬ್ರೇಕಿನ ಎಣ್ಣೆ ಒಳಗೇ ಸೋರಿ, ಎಂಜಿನ್ ಬಂದಾಗಿದ್ದರೂ ಶಾರ್ಟ್ ಸರ್ಕಿಟ್ ಆಗುವ ದೋಷವಂತೆ. ಹಲಸಿನ ಮರದ ಆಚೆ ಜಾಗದ ದರಕೆಲ್ಲ ಗುಡಿಸಿ ಹಸನು ಮಾಡಿಸಿದ್ದೇನೆ. ಬಿಸಿಲು ಬೀಳುತ್ತದೆ, ಬಣ್ಣ ಮಾಸುತ್ತದೆ ಎಂದು ನೀನು ಗೊಣಗುತ್ತೀಯ. ಗೊಣಗು. ಚಕ್ಕುಲಿ ಡಬ್ಬಿ ಇಲ್ಲೇ ಇದೆ.

ಇಂತು,
ನಿನ್ನ ದೊಡ್ಡಪ್ಪ