ಸರೋವರ ನೋಡಲು ಹೊರಟವರಿಗೆ ಒಂದು ಕಿವಿಮಾತು

ಕಾಶ್ಮೀರದ ಸರೋವರಗಳ ಚಾರಣಕ್ಕೆ ಹೊರಟಿದ್ದೀರಾ? ಬಹಳ ಸಂತೋಷ, ಹೋಗಿ ಬನ್ನಿ. ದೇಶ ಸುತ್ತು, ಕೋಶ ಓದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸೋನಮಾರ್ಗದ ಬಳಿ ಹತ್ತಲು ಶುರು ಮಾಡಿ ನಾರಾನಾಗ್‌ನಲ್ಲಿ ಇಳಿಯುವವರೆಗೆ ಸುಮಾರು 70 ಕಿಲೋಮೀಟರ್ ದಾರಿ. ನಡುವೆ ವಿಶನ್‌ಸರ್, ಕಿಶನ್‌ಸರ್, ಗಡ್‌ಸರ್, ಸತ್‌ಸರ್, ನುಂದ್‌ಕೋಲ್, ಗಂಗಾಬಲ್. ಹಿಂದೊಂದು ಕಾಲದಲ್ಲಿ ಹಿಮನದಿಗಳು ಬೆಟ್ಟವನ್ನು ಕೊರೆದು ಬಿಟ್ಟುಹೋದ ಕುಳಿಗಳಲ್ಲಿ ಕರಗಿದ ಮಂಜಿನ ನೀರು ನಿಂತು ಆದ ಸರೋವರಗಳಿವು. ಕಿಶನ್‌ಸರ್‌ನ ನೀರು ಕೆಳಗಿನ ವಿಶನ್‌ಸರ್‌ಗೆ ಇಳಿಯುತ್ತದೆ, ಅಲ್ಲಿಂದ ಕಿಶನ್‌ಗಂಗಾ ನದಿಗೆ. ಗಡ್‌ಸರ್‌ನಲ್ಲಿ ಜುಲೈ ತಿಂಗಳಲ್ಲೂ ಮಂಜಿನ ತುಂಡುಗಳು ತೇಲುತ್ತವೆ, ದಡದಲ್ಲಿ ಹೂವೋ ಹೂವು. ಫೋಟೊ ನೋಡಿದರೆ ಯಾರಿಗಾದರೂ ಆಸೆಯಾಗುವುದು ಸಹಜ. ಆದರೆ ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋದಾಗ ಅಲ್ಲಿ ಜಾರುವ ಕಲ್ಲಿದೆ, ತೆಳು ಗಾಳಿಯಿದೆ, ಮಧ್ಯಾಹ್ನಕ್ಕೆ ಬಂದು ಬೀಳುವ ಮಳೆಯಿದೆ. ಅದಕ್ಕೇ ಚೀಲ ಕಟ್ಟುವ ಮೊದಲು ನನ್ನ ನಾಲ್ಕು ಮಾತು ಕೇಳಿಸಿಕೊಳ್ಳಿ.

ಮೊದಲು ಕಾಲಿನ ವಿಷಯ. ಹಣ ಕಟ್ಟಿ ಎರಡು ತಿಂಗಳು ಸುಮ್ಮನಿದ್ದು, ಹೊರಡುವ ವಾರ ಪಾರ್ಕಿನಲ್ಲಿ ಓಡಲು ಶುರು ಮಾಡುತ್ತೀರಲ್ಲ, ಅದು ಯುದ್ಧಕಾಲೇ ಶಸ್ತ್ರಾಭ್ಯಾಸ. ಎರಡು ತಿಂಗಳ ಮುಂಚೆಯೇ ದಿನಾ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಮೆಟ್ಟಿಲಿದೆ, ಬೆಂಗಳೂರಿನವರಿಗೆ ನಂದಿ ಬೆಟ್ಟದ ಮೆಟ್ಟಿಲು ದಾರಿಯಿದೆ, ಏನೂ ಇಲ್ಲದವರಿಗೆ ಅಪಾರ್ಟ್‌ಮೆಂಟಿನ ಮೆಟ್ಟಿಲಾದರೂ ಇದ್ದೇ ಇದೆ, ಲಿಫ್ಟ್ ಬಿಡಿ ಅಷ್ಟೆ. ಕೊನೆಯ ಕೆಲವು ವಾರ ಆರೇಳು ಕೆ.ಜಿ. ತೂಕದ ಚೀಲ ಬೆನ್ನಿಗೇರಿಸಿಕೊಂಡು ಅಭ್ಯಾಸ ಮಾಡಿ. ಹತ್ತುವುದನ್ನೇ ಅಭ್ಯಾಸ ಮಾಡಿ ಇಳಿಯುವುದನ್ನು ಮರೆಯುತ್ತೀರಿ. ಮಂಡಿ ಕೈಕೊಡುವುದು ಇಳಿಯುವಾಗಲೇ. ಹೊಸ ಶೂವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು ಸೋನಮಾರ್ಗದಲ್ಲಿ ಮೊದಲ ಸಲ ಹಾಕಿಕೊಳ್ಳಬೇಡಿ. ಎರಡನೇ ದಿನಕ್ಕೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ ಉಳಿದ ದಿನಗಳೆಲ್ಲ ಸರೋವರ ನೋಡುವುದಿಲ್ಲ, ಕಾಲನ್ನೇ ನೋಡುತ್ತ ನಡೆಯುತ್ತೀರಿ.

ಈಗ ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇವೆ, ನಮಗೇನಾಗುತ್ತದೆ ಎನ್ನುತ್ತೀರಿ. ನಿಮ್ಮ ಕಾಲಿನ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಈ ಚಾರಣದಲ್ಲಿ ನೀವು ಮಲಗುವುದೇ 3,500 ಮೀಟರ್ ಆಸುಪಾಸಿನಲ್ಲಿ, ಗಡ್‌ಸರ್ ಪಾಸ್ ದಾಟುವುದು ಸುಮಾರು 4,200 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇಕಡಾ 60ರಷ್ಟು ಮಾತ್ರ. ಜಿಮ್ಮಿಗೆ ಹೋಗುವ ಇಪ್ಪತ್ತೈದರ ಹುಡುಗನಿಗೂ ಅಷ್ಟೇ, ಐವತ್ತೈದರ ನಿಮಗೂ ಅಷ್ಟೇ. ಚಳಿಗಾಲದಲ್ಲಿ ದೋಸೆಹಿಟ್ಟು ಹುಳಿ ಬರಲು ಹೇಗೆ ತನ್ನಷ್ಟಕ್ಕೆ ಹೊತ್ತು ತೆಗೆದುಕೊಳ್ಳುತ್ತದೋ ಹಾಗೆ ಎತ್ತರಕ್ಕೆ ಒಗ್ಗಿಕೊಳ್ಳಲು ಮೈಗೂ ಅದರದೇ ಆದ ಹೊತ್ತು ಬೇಕು. ಅವಸರಪಡಿಸಿ ಪ್ರಯೋಜನವಿಲ್ಲ.

ನೀವು ಮಾಡುವುದೇನು? ಬೆಳಿಗ್ಗೆ ಬೆಂಗಳೂರಿನಲ್ಲಿ ವಿಮಾನ ಹತ್ತಿ, ಮಧ್ಯಾಹ್ನ ಶ್ರೀನಗರದಲ್ಲಿ ಇಳಿದು, ರಾತ್ರಿ ಸೋನಮಾರ್ಗ, ಮರುದಿನವೇ ಚಾರಣದ ದಾರಿಯಲ್ಲಿ ಮೇಲಿರುವ ನಿಚ್ನಾಯಿಯ ಬಿಡಾರ. ರಜೆ ಕಡಿಮೆ ಎಂಬ ನೆಪ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಇದಕ್ಕೇ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಗಿಂತ ಮರುರಾತ್ರಿ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಎತ್ತರ ಇರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಹತ್ತದೆ ವಿರಾಮ ಕೊಡಬೇಕು ಎಂದು ಪರ್ವತ ವೈದ್ಯರು ಹೇಳುತ್ತಾರೆ. ಆದ್ದರಿಂದ ಎರಡು ದಿನ ಹೆಚ್ಚು ರಜೆ ಹಾಕಿ. ಸೋನಮಾರ್ಗ ಇರುವುದು ಸುಮಾರು 2,700 ಮೀಟರ್ ಎತ್ತರದಲ್ಲಿ. ಅಲ್ಲಿ ಒಂದು ದಿನ ನಿಂತು, ಹಗಲು ಥಾಜಿವಾಸ್ ಹಿಮನದಿಯ ಕಡೆ ನಡೆದು ಹೋಗಿ ಕೆಳಗೆ ಬಂದು ಮಲಗಿ. ವಿಶನ್‌ಸರ್‌ನಲ್ಲಿ ವಿರಾಮದ ದಿನ ಇಟ್ಟುಕೊಂಡಿರುವ ತಂಡವನ್ನೇ ಆರಿಸಿಕೊಳ್ಳಿ. ಐದು ದಿನದಲ್ಲಿ ಮುಗಿಸಿಕೊಡುತ್ತೇವೆ, ಅಗ್ಗಕ್ಕೆ ಮಾಡಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ.

ಎಷ್ಟೇ ಜಾಗ್ರತೆ ವಹಿಸಿದರೂ ತಲೆನೋವು ಬರಬಹುದು. ಜೊತೆಗೆ ಊಟ ಸೇರುವುದಿಲ್ಲ, ಹೊಟ್ಟೆ ತೊಳಸುತ್ತದೆ, ತಲೆ ಸುತ್ತುತ್ತದೆ. ಇದು ಎತ್ತರದ ಕಾಯಿಲೆಯ ಮೊದಲ ಸೂಚನೆ. ಇಲ್ಲಿಯೇ ನೀವು ಮಾಡುವ ದೊಡ್ಡ ತಪ್ಪು: ಹೇಳದೆ ಸುಮ್ಮನಿರುವುದು. ನನ್ನಿಂದ ಎಲ್ಲರಿಗೂ ತಡವಾದೀತು, ವಾಪಸು ಕಳಿಸಿಬಿಟ್ಟಾರು, ಕಟ್ಟಿದ ಹಣ ಹೋದೀತು ಎಂದು ಒಂದು ಮಾತ್ರೆ ನುಂಗಿ ನಗುನಗುತ್ತಾ ಹತ್ತುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಗೈಡ್‌ಗೆ ಇದ್ದುದನ್ನು ಇದ್ದ ಹಾಗೆ ಹೇಳಿ. ಪಕ್ಕದಲ್ಲಿ ಮಲಗಿದವರು ರಾತ್ರಿ ಹೇಗಿದ್ದರು ಎಂದೂ ಹೇಳಿ, ಅದು ಚಾಡಿಯಲ್ಲ. ತಲೆನೋವು ಕಡಿಮೆಯಾಗುವ ತನಕ ಮೇಲಕ್ಕೆ ಒಂದು ಹೆಜ್ಜೆಯೂ ಬೇಡ. ಸುಮ್ಮನೆ ಕೂತಿದ್ದರೂ ಏದುಸಿರು, ಬಿಡದ ಕೆಮ್ಮು, ಒಂದು ಗೆರೆಯ ಮೇಲೆ ನೆಟ್ಟಗೆ ಹೆಜ್ಜೆ ಇಡಲಾಗದ ತಡವರಿಕೆ, ಅಸಂಬದ್ಧ ಮಾತು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ಕೆಳಗಿಳಿಸಬೇಕು. ಅವು ಶ್ವಾಸಕೋಶಕ್ಕೋ ಮೆದುಳಿಗೋ ನೀರು ಇಳಿದಿರುವ ಲಕ್ಷಣ. ಎತ್ತರದ ಕಾಯಿಲೆಗೆಂದು ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಗೆಳೆಯರ ಮಾತು ಕೇಳಿ ತೆಗೆದುಕೊಳ್ಳಬೇಡಿ, ವೈದ್ಯರನ್ನು ಕೇಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ತಿಳಿಸಿ. ರಕ್ತದೊತ್ತಡ, ಸಕ್ಕರೆ, ಹೃದಯದ ತೊಂದರೆ ಇರುವವರು ಆರೋಗ್ಯದ ಫಾರ್ಮಿನಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕುವುದು ತಮಗೆ ತಾವೇ ಮಾಡಿಕೊಳ್ಳುವ ಅನ್ಯಾಯ. ಮೇಲೆ ಇರುವಷ್ಟು ದಿನ ಮದ್ಯ, ನಿದ್ದೆಮಾತ್ರೆ ಮುಟ್ಟಲೇಬೇಡಿ.

ದಾರಿಯ ಬಗ್ಗೆ ಒಂದು ಮುಖ್ಯ ಸಂಗತಿ ಅನೇಕರಿಗೆ ಗೊತ್ತಿರುವುದಿಲ್ಲ. ನಿಚ್ನಾಯಿ ಬಿಡಾರದ ತನಕ ವಾಪಸಾತಿ ಸುಲಭ, ಸೋನಮಾರ್ಗಕ್ಕೆ ಬರೀ ಇಳಿಜಾರು. ನಿಚ್ನಾಯಿ ಪಾಸ್ ದಾಟಿ ವಿಶನ್‌ಸರ್‌ಗೆ ಇಳಿದಿರೋ, ಹಿಂದಿರುಗಬೇಕಾದರೂ ಮತ್ತೆ ಅದೇ ಪಾಸ್ ಹತ್ತಬೇಕು. ಗಡ್‌ಸರ್ ಪಾಸ್ ದಾಟಿದ ಮೇಲಂತೂ ಮುಂದೆಯೂ ಏರು, ಹಿಂದೆಯೂ ಏರು. ಕಾಯಿಲೆಯವರನ್ನು ಕೆಳಗಿಳಿಸಲು ಮೊದಲು ಮೇಲಕ್ಕೆ ಹತ್ತಿಸಬೇಕಾದ ಜಾಗ ಅದು. ಆದ್ದರಿಂದ ಮನಸ್ಸಿಗೆ ಅನುಮಾನ ಬಂದವರು ನಿಚ್ನಾಯಿಯಲ್ಲೇ ನಿರ್ಧಾರ ಮಾಡಿ. ಅಲ್ಲಿಂದ ಹಿಂದಿರುಗಿದರೆ ಮಾನವೇನೂ ಹೋಗುವುದಿಲ್ಲ. ಜೀವ ಇದ್ದರೆ ಬೆಲ್ಲ ಬೇಡಿ ತಿಂದೇವು. ಸರೋವರ ಬರುವ ವರ್ಷವೂ ಅಲ್ಲೇ ಇರುತ್ತದೆ.

ಇನ್ನು ಹವೆಯ ವಿಷಯ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರಗಳಿಗೆ ಹೋಗಿದ್ದ ನಮ್ಮ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಅವರಲ್ಲಿ ಬೆಟ್ಟ ಹತ್ತಿ ಅನುಭವವಿದ್ದವರೂ ಇದ್ದರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಆ ಎತ್ತರದಲ್ಲಿ ಹವೆ ಕೆಟ್ಟರೆ ಎಂಥವರಿಗೂ ಎಷ್ಟು ಕಷ್ಟ ಎಂಬುದು ನೆನಪಿರಲಿ ಎಂದು ಹೇಳುತ್ತಿದ್ದೇನೆ. ಹಾಗಾಗಿ ಪಾಸ್ ದಾಟುವ ದಿನ ಬೆಳಗಿನ ಜಾವವೇ ಹೊರಡಿ, ಮಧ್ಯಾಹ್ನದೊಳಗೆ ಆಚೆ ಬದಿ ಇಳಿದಿರಬೇಕು. ಮಳೆಕೋಟು, ಉಣ್ಣೆಯ ಟೋಪಿ, ಕೈಗವಸು, ಒಂದು ಬೆಚ್ಚಗಿನ ಜಾಕೆಟ್ ನಿಮ್ಮ ಬೆನ್ನ ಮೇಲಿನ ಚೀಲದಲ್ಲೇ ಇರಲಿ. ಸಾಮಾನು ಹೊರುವ ಕುದುರೆ ಮೇಲೆ ಹಾಕಿ ಕಳಿಸಿದರೆ ಮಳೆ ಬಂದಾಗ ಕುದುರೆ ಎರಡು ಗಂಟೆಯ ದಾರಿ ಮುಂದಿರುತ್ತದೆ. ಜೀನ್ಸ್, ಹತ್ತಿಯ ಬನಿಯನ್ ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತವೆ. ಚಳಿಯೆಂದು ಟೆಂಟಿನೊಳಗೆ ಸ್ಟವ್ ಹಚ್ಚಿಕೊಂಡು ಮಲಗುವ ಸಾಹಸ ಯಾವ ಕಾರಣಕ್ಕೂ ಬೇಡ, ಅದರಿಂದ ಬರುವ ವಿಷಗಾಳಿಗೆ ವಾಸನೆಯೇ ಇಲ್ಲ. ನಡುಬೇಸಿಗೆಯಲ್ಲೂ ರಾತ್ರಿ ಕೊರೆಯುತ್ತದೆ, ಹಗಲು ಬಿಸಿಲು ಮುಖ ಸುಡುತ್ತದೆ. ಕಪ್ಪು ಕನ್ನಡಕ, ಮುಖಕ್ಕೆ ಕ್ರೀಮು ಎರಡೂ ಬೇಕು.

ಇನ್ನು ಸರೋವರದ ದಡಕ್ಕೆ ಬಂದಿರಿ ಎನ್ನಿ. ನೀರು ಕಂಡ ತಕ್ಷಣ ಅಂಗಿ ಕಳಚಿ ಹಾರಬೇಡಿ. ಕರಗಿದ ಮಂಜಿನ ನೀರು ಅದು. ಬಿದ್ದ ಕ್ಷಣ ಉಸಿರು ತಾನಾಗಿ ಒಳಗೆಳೆಯುತ್ತದೆ, ನೀರು ಕುಡಿಸಿಬಿಡುತ್ತದೆ; ಕೆಲವೇ ನಿಮಿಷಕ್ಕೆ ಕೈಕಾಲು ಮಾತು ಕೇಳುವುದಿಲ್ಲ. ನಮ್ಮೂರ ಹೊಳೆಯಲ್ಲಿ ಈಜಿದ ಧೈರ್ಯ ಇಲ್ಲಿ ನಡೆಯದು. ದಡದಲ್ಲಿ ಕೂತು ಪಾದ ಅದ್ದಿ, ಸಾಕು. ಸೋಪು, ಶಾಂಪೂ, ತಟ್ಟೆ ತೊಳೆಯುವ ಪುಡಿ ಯಾವುದೂ ನೀರಿಗೆ ಬೀಳಕೂಡದು. ಬೇಕಾದರೆ ಪಾತ್ರೆಯಲ್ಲಿ ನೀರು ತಂದು ದಡದಿಂದ ದೂರ ತೊಳೆದು ಮಣ್ಣಿಗೆ ಚೆಲ್ಲಿ. ಬಹಿರ್ದೆಸೆಗೂ ನೀರಿನಿಂದ ಕನಿಷ್ಠ ನೂರು ಹೆಜ್ಜೆ ದೂರ ಹೋಗಿ, ಗುಂಡಿ ತೋಡಿ ಮುಚ್ಚಿ. ಮುಟ್ಟಿನ ದಿನಗಳಲ್ಲಿ ಹೋಗುವ ಹೆಣ್ಣುಮಕ್ಕಳು ಬಳಸಿದ ಪ್ಯಾಡನ್ನು ಕಲ್ಲಿನ ಸಂದಿಗೆ ತುರುಕದೆ, ಕಾಗದದಲ್ಲಿ ಸುತ್ತಿ ಜಿಪ್ ಚೀಲದಲ್ಲಿ ಹಾಕಿ ವಾಪಸು ತನ್ನಿ. ನಾಚಿಕೆಪಡುವ ವಿಷಯ ಇದಲ್ಲ. ಬಿಸ್ಕತ್ತು, ಚಾಕೊಲೇಟಿನ ಕಾಗದ, ಒದ್ದೆ ಟಿಶ್ಯೂ, ಎಲ್ಲಕ್ಕೂ ಅದೇ ನಿಯಮ. ಆ ಚಳಿಯಲ್ಲಿ ಕಿತ್ತಳೆ ಸಿಪ್ಪೆ ಕೂಡ ಬೇಗ ಕೊಳೆಯುವುದಿಲ್ಲ. ಈ ನೀರಿನಲ್ಲಿ ಟ್ರೌಟ್ ಮೀನುಗಳಿವೆ, ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಕುಡಿಯುವ ನೀರನ್ನು ಕುದಿಸಿಯೋ ಶೋಧಿಸಿಯೋ ಕುಡಿಯಿರಿ. ಸ್ಫಟಿಕದಂತೆ ಕಂಡರೂ ಮೇಲಿನ ಹುಲ್ಲುಗಾವಲಿನಲ್ಲಿ ಕುರಿಮಂದೆಗಳಿವೆ.

ಆ ಮಂದೆಗಳು ಬಕರ್‌ವಾಲರವು, ಗುಜ್ಜರರವು. ಚಳಿಗಾಲವನ್ನು ಕೆಳಗೆ ಜಮ್ಮು ಕಡೆ ಕಳೆದು ಬೇಸಿಗೆಗೆ ಕುರಿ, ಕುದುರೆ, ಮಕ್ಕಳು ಸಮೇತ ನಡೆದೇ ಬರುವ ಜನ. ನಿಮಗೆ ಅದು ಏಳು ದಿನದ ಚಾರಣ, ಅವರಿಗೆ ಮನೆ. ಅವರ ಬಿಡಾರದ ಮುಂದೆ ನಿಂತು ಕೇಳದೆ ಫೋಟೊ ತೆಗೆಯಬೇಡಿ, ಹೆಂಗಸರ ಕಡೆ ಮೊಬೈಲ್ ಹಿಡಿಯಲೇಬೇಡಿ. ಮಕ್ಕಳು ಓಡಿ ಬಂದರೆ ಮಿಠಾಯಿ ಎಸೆದು ಬೇಡುವ ಚಾಳಿ ಕಲಿಸಬೇಡಿ, ನಿಂತು ಎರಡು ಮಾತಾಡಿ. ಅವರ ನಾಯಿಗಳು ತೋಳ, ಕರಡಿಗಳಿಂದ ಮಂದೆ ಕಾಯುವಂಥವು. ಮುದ್ದು ಮಾಡಲು ಹೋಗದೆ, ಓಡದೆ, ಕುರಿಗಳ ನಡುವೆ ನುಗ್ಗದೆ, ಮಂದೆಯ ಹೊರಗಿನಿಂದ ಸುತ್ತಿ ಸಾಗಿ.

ಗಂಗಾಬಲ್ ಬಂದಾಗ ದನಿ ತಗ್ಗಿಸಿ. 5,142 ಮೀಟರ್ ಎತ್ತರದ ಹರಮುಖ ಪರ್ವತದ ಬುಡದಲ್ಲಿರುವ ಆ ಸರೋವರ ಕಾಶ್ಮೀರಿ ಪಂಡಿತರಿಗೆ ತೀರ್ಥ. ಹಿರಿಯರ ಅಸ್ಥಿ ಬಿಡುವ ಜಾಗ. ಅಲ್ಲಿ ಸ್ಪೀಕರ್ ಹಚ್ಚಿ ಕುಣಿಯುವುದು ಸಲ್ಲದು.

ಕಾಗದಪತ್ರದ ಮಾತು ಚುಟುಕಾಗಿ. ಹೊರಡುವ ಮುನ್ನ ಆ ವರ್ಷ ದಾರಿ ತೆರೆದಿದೆಯೇ, ಅನುಮತಿ ಇದೆಯೇ ವಿಚಾರಿಸಿ. ಗಡಿಗೆ ಹತ್ತಿರದ ಪ್ರದೇಶ, ದಾರಿಯಲ್ಲಿ ಸೇನೆಯವರು ಗುರುತುಚೀಟಿ ಕೇಳುತ್ತಾರೆ. ಮೂಲಪ್ರತಿಯೇ ಜೊತೆಗಿರಲಿ, ಕೇಳಿದ್ದಕ್ಕೆ ಸಮಾಧಾನವಾಗಿ ಉತ್ತರಿಸಿ, ಶಿಬಿರದ ಫೋಟೊ ತೆಗೆಯಬೇಡಿ. ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಸೋನಮಾರ್ಗ ಬಿಟ್ಟ ಮೇಲೆ ದಿನಗಟ್ಟಲೆ ಸಿಗ್ನಲ್ ಕಾಣದು. ಫೋನ್ ಬರಲಿಲ್ಲವೆಂದು ಗಾಬರಿಯಾಗಬೇಡಿ ಎಂದು ಮನೆಯವರಿಗೆ ಮೊದಲೇ ಹೇಳಿ, ತಂಡದವರ ನಂಬರು ಬರೆದುಕೊಟ್ಟು ಹೋಗಿ.

ಕೊನೆಯ ದಿನ ಎಲ್ಲರೂ ಮೈಮರೆಯುತ್ತೀರಿ. ಗಂಗಾಬಲ್‌ನಿಂದ ನಾರಾನಾಗ್‌ಗೆ ಒಂದೇ ದಿನ ಸುಮಾರು 1,400 ಮೀಟರ್ ಇಳಿತ, ಮಂಡಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಡೀ ದಾರಿಯಲ್ಲಿಲ್ಲ. ಹಿಂದಿನ ರಾತ್ರಿಯೇ ಕಾಲುಗುರು ಕತ್ತರಿಸಿ, ಶೂ ದಾರವನ್ನು ಕಣಕಾಲಿನ ಬಳಿ ಬಿಗಿಯಾಗಿ ಕಟ್ಟಿ. ಇಲ್ಲವಾದರೆ ಬೆರಳು ಮುಂದಕ್ಕೆ ಒತ್ತಿ ಉಗುರು ಕಪ್ಪಾಗುತ್ತದೆ. ಊರುಗೋಲು ಎರಡೂ ಕೈಯಲ್ಲಿರಲಿ, ಹೆಜ್ಜೆ ಸಣ್ಣದಿರಲಿ. ಕೆಳಗೆ ಬಿಸಿ ಊಟ ಸಿಗುತ್ತದೆಂದು ಓಡಬೇಡಿ. ನಾರಾನಾಗ್‌ನಲ್ಲಿ ಎಂಟನೇ ಶತಮಾನದ ಲಲಿತಾದಿತ್ಯ ರಾಜನ ಕಾಲದ ಕಲ್ಲಿನ ಗುಡಿಗಳಿವೆ, ಪಕ್ಕದಲ್ಲೇ ಚಿಲುಮೆಯ ನೀರಿನ ಕಲ್ಯಾಣಿಯಿದೆ. ಜೀಪ್ ಬಂತೆಂದು ಹತ್ತಿಬಿಡದೆ ಅರ್ಧ ಗಂಟೆ ನಿಂತು ನೋಡಿ, ಕಲ್ಲುಗಳ ಮೇಲೆ ಹತ್ತದೆ ನೋಡಿ, ಆಮೇಲೆ ಊಟ ಮಾಡಿ.