ಕೆಳಮನೆಯ ನ್ಯಾನಾ ಕಲಿಸಿದ್ದು

ಬಾಸ್ಟನ್ನಿನ ಡಾರ್ಚೆಸ್ಟರ್‌ನಲ್ಲಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕಸುಬು. ಲೈಸೆನ್ಸು ಗೋಡೆಯ ಮೇಲಿದೆ. ಕಲಿತದ್ದು ಮಾತ್ರ ಕೆಳಮನೆಯ ಐರಿಷ್ ಅಜ್ಜಿಯ ಅಡುಗೆಮನೆಯಲ್ಲಿ. ಇಲ್ಲಿಯವರು ತ್ರೀ-ಡೆಕರ್ ಎನ್ನುವ ಮೂರಂತಸ್ತಿನ ಮರದ ಮನೆ ನಮ್ಮದು. ನಾವು ನಡುವೆ, ಅವರು ಕೆಳಗೆ. ಬೀದಿಯ ಮಕ್ಕಳಿಗೆಲ್ಲ ಅವರು ನ್ಯಾನಾ, ನನಗೂ ಅದೇ.

ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇ ಕಡೆಯವರು. 1950ರ ದಶಕದಲ್ಲಿ ಆ ಪುಟ್ಟ ದೇಶದಿಂದ ಸುಮಾರು 4 ಲಕ್ಷ ಜನ ಹೊಟ್ಟೆಪಾಡಿಗೆ ಹೊರಬಿದ್ದರು. ಹೆಚ್ಚಿನವರು ಇಂಗ್ಲೆಂಡಿಗೆ ಹೋದರೆ ನ್ಯಾನಾ ಇತ್ತ ಬಂದರು. ಮೊದಲು ಬ್ರೂಕ್‌ಲೈನ್‌ನ ಸಿರಿವಂತರ ಮಕ್ಕಳನ್ನು ಸಾಕಿದರು, ಮದುವೆಯಾದ ಮೇಲೆ ನೆರೆಹೊರೆಯವರ ಮಕ್ಕಳನ್ನು. ನಾನು 1990ರ ದಶಕದಲ್ಲಿ ಹಾಸನದಿಂದ ಗಂಡನ ಜೊತೆ ಎಚ್-4 ವೀಸಾದಲ್ಲಿ ಬಂದವಳು. ಆಗ ಆ ವೀಸಾದವರು ದುಡಿಯುವಂತಿರಲಿಲ್ಲ. ಹೊತ್ತು ಹೋಗದೆ ಮೆಟ್ಟಿಲಿಳಿದೆ, ನ್ಯಾನಾ ಮಕ್ಕಳನ್ನು ನೋಡಿಕೊಳ್ಳುವುದನ್ನು ನೋಡುತ್ತ ಕಲಿತೆ. ಗ್ರೀನ್ ಕಾರ್ಡ್ ಬಂದಮೇಲೆ ಅದೇ ಕಸುಬಾಯಿತು.

1. ಮೊದಲು ಕೆಲಸ ಕೊಡಿ, ಆಟಿಕೆ ಆಮೇಲೆ

ಶುರು ಮಾಡಿದಾಗ ಅಂಗಡಿಯ ಬಣ್ಣಬಣ್ಣದ ಪ್ಲಾಸ್ಟಿಕ್ಕನ್ನೆಲ್ಲ ತಂದು ಸುರಿದಿದ್ದೆ. ಮಕ್ಕಳು ಅದನ್ನು ಹಂಚಿಕೊಳ್ಳಲಾರದೆ ಹೊಡೆದಾಡಿಕೊಂಡವು. ನ್ಯಾನಾ ಮನೆಯಲ್ಲಿ ಆಟಿಕೆಯೇ ಕಡಿಮೆ. ಇದ್ದದ್ದು ಸೋಡಾ ಬ್ರೆಡ್. ಮೈದಾ, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ, ಅಷ್ಟೇ. ಒಬ್ಬ ಜರಡಿ ಹಿಡಿಯಬೇಕು, ಇನ್ನೊಬ್ಬಳು ನಡುವೆ ಗುಳಿ ಮಾಡಬೇಕು, ಮತ್ತೊಬ್ಬ ಮಜ್ಜಿಗೆ ಹೊಯ್ಯಬೇಕು. ಸೋಡಾಕ್ಕೆ ಹುಳಿ ತಾಗಿದೊಡನೆ ಗುಳ್ಳೆ ಏಳುತ್ತದೆ, ಆದ್ದರಿಂದ ನಾದದೆ, ಬೇಗ ಕೂಡಿಸಿ ಒಲೆಗಿಡಬೇಕು. ಚಾಕುವಿನಿಂದ ಮೇಲೆ ಶಿಲುಬೆ ಗೀರುವ ಸರದಿ ಯಾರದೆಂಬುದಕ್ಕಷ್ಟೇ ಜಗಳ. ನಾನು ಚಪಾತಿ ಹಿಟ್ಟು ನಾದಿ ಅಭ್ಯಾಸವಿದ್ದವಳು, ಚೆನ್ನಾಗಿ ನಾದಿದೆ. ಮಜ್ಜಿಗೆಯೂ ಆಗಷ್ಟೇ ಕಡೆದದ್ದು, ಹುಳಿಯೇ ಇರಲಿಲ್ಲ. ಒಲೆಯಿಂದ ಹೊರಬಂದದ್ದು ಗುಂಡುಕಲ್ಲು. ಮಕ್ಕಳು ಅದನ್ನು ಉರುಳಿಸಿಕೊಂಡು ಸಂಜೆಯವರೆಗೂ ಆಡಿದವು.

2. ಹೇಳದೆ ಹೋಗಲು ಬಿಡಬೇಡಿ

ಮಗುವಿನ ಗಮನ ಬೇರೆಡೆ ಸೆಳೆದು ಅಮ್ಮಂದಿರಿಗೆ ಕಣ್ಸನ್ನೆ ಮಾಡುತ್ತಿದ್ದೆ: ಈಗ ಜಾರಿಕೊಳ್ಳಿ. ಅಳು ತಪ್ಪಿತೆಂದು ನನಗೆ ಸಮಾಧಾನ. ಒಂದು ಮಗು ಮಾತ್ರ ಆಮೇಲೆ ಆಟಕ್ಕೇ ಬರದಾಯಿತು. ಬೆನ್ನು ಗೋಡೆಗೆ ಕೊಟ್ಟು ಬಾಗಿಲನ್ನೇ ಕಾಯುತ್ತಿತ್ತು. ಯಾವಾಗ ಮೋಸವಾಗುತ್ತದೋ ಎಂಬ ಭಯ ಅದಕ್ಕೆ. ನ್ಯಾನಾ ಅಮ್ಮಂದಿರನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಮುತ್ತು ಕೊಡಿಸಿ, "ಸಂಜೆ ಬರ್ತೀನಿ" ಎಂದು ಬಾಯಿಬಿಟ್ಟು ಹೇಳಿಸುತ್ತಿದ್ದರು. ಮಗು ಅತ್ತರೆ ಪಕ್ಕದಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು, ಅಳು ಅದರಷ್ಟಕ್ಕೆ ಮುಗಿಯುವವರೆಗೂ. ಅವರ ಹಿರಿಯರ ಕಾಲದಲ್ಲಿ ಹಡಗು ಹತ್ತುವವರಿಗೆ ಹಿಂದಿನ ರಾತ್ರಿ 'ಅಮೆರಿಕನ್ ವೇಕ್' ನಡೆಯುತ್ತಿತ್ತಂತೆ. ವೇಕ್ ಎಂದರೆ ಹೆಣದ ಮುಂದಿನ ಜಾಗರಣೆ. ಹೋದವರು ತಿರುಗಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದ್ದರಿಂದ ಬೆಳಗಾಗುವವರೆಗೆ ಹಾಡಿ, ಕುಣಿದು, ಅತ್ತು ಕಳಿಸುತ್ತಿದ್ದರು. ಅಂಥ ಊರಿಂದ ಬಂದವರಿಗೆ ಬಾಗಿಲಲ್ಲಿ ಅಳುವುದು ನಾಚಿಕೆಯ ವಿಷಯವಾಗಿರಲಿಲ್ಲ.

3. ದುಡ್ಡಿನ ಮಾತು ಮೊದಲ ದಿನವೇ ಆಗಲಿ

ನನ್ನ ಮೊದಲ ಗಿರಾಕಿಗಳು ನಮ್ಮ ಕನ್ನಡದವರೇ. "ನಿಮ್ಮ ಮನೆ ಅಂದ್ರೆ ಅಜ್ಜಿ ಮನೆ ಇದ್ದ ಹಾಗೆ" ಎಂದರು. ಆ ಮಾತಿಗೆ ಉಬ್ಬಿ ರೇಟು ಹೇಳಲು ಬಾಯೇ ಬರಲಿಲ್ಲ. ತಿಂಗಳ ಕೊನೆಗೆ ಮೈಸೂರುಪಾಕಿನ ಡಬ್ಬಿ ಬಂತು, ಚೆಕ್ ಬರಲಿಲ್ಲ. ಕೆಳಗೆ ಹೋಗಿ ಗೊಣಗಿದೆ. ನ್ಯಾನಾ ಕಪಾಟಿನಿಂದ ಬ್ಯಾರೀಸ್ ಟೀ ಡಬ್ಬಿ ಇಳಿಸಿದರು. ಒಳಗೊಂದು ಸಣ್ಣ ನೋಟುಬುಕ್ಕು: ಹೆಸರು, ಎದುರಿಗೆ ಪೆನ್ಸಿಲ್ ಗೀಟುಗಳು, ಕೊಟ್ಟದ್ದು, ಬಾಕಿ. ಕೆಲವು ಹೆಸರಿನ ಮುಂದೆ ಏನೂ ಇಲ್ಲ. ಗಂಡ ಬಿಟ್ಟುಹೋದವರು, ಕೆಲಸ ಕಳೆದುಕೊಂಡವರು. ಬಿಟ್ಟುಕೊಟ್ಟದ್ದು ಎಷ್ಟೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ನನ್ನದು ಗೊತ್ತಿರಲಿಲ್ಲ.

ಇಂಥ ಹೆಂಗಸರನ್ನು ನೆನೆಯುವಾಗ "ಎಲ್ಲ ಪ್ರೀತಿಯಿಂದ ಮಾಡಿದರು" ಎನ್ನುವುದು ರೂಢಿ. ನನಗೆ ಆ ಹೊಗಳಿಕೆ ಅಷ್ಟಾಗಿ ರುಚಿಸುವುದಿಲ್ಲ. 1971ರಲ್ಲಿ ಅಮೆರಿಕದ ಸಂಸತ್ತು ದೇಶದುದ್ದಕ್ಕೂ ಶಿಶುಪಾಲನಾ ವ್ಯವಸ್ಥೆ ತರುವ ಮಸೂದೆಯನ್ನು ಒಪ್ಪಿತ್ತು. ಅದು ಕುಟುಂಬವನ್ನು ದುರ್ಬಲಗೊಳಿಸುತ್ತದೆಂದು ಅಧ್ಯಕ್ಷ ನಿಕ್ಸನ್ ವೀಟೋ ಹಾಕಿದರು. ಸರ್ಕಾರ ಕೈಬಿಟ್ಟ ಹೊರೆ ಕೆಳಮನೆಯ ಅಜ್ಜಿಯರ ತಲೆಗೆ ಬಂತು. ಪ್ರೀತಿ ಇತ್ತು, ನಿಜ. ಸೊಂಟನೋವೂ ಇತ್ತು.

4. ಅಜ್ಜಿಯರು ಹೇಳಿದ್ದೆಲ್ಲ ವೇದವಲ್ಲ

ಹಲ್ಲು ಬರುವ ಮಗುವಿನ ವಸಡಿಗೆ ಒಂದು ಹನಿ ವಿಸ್ಕಿ ಸವರಬೇಕೆಂದು ನ್ಯಾನಾ. ನಾಲಿಗೆಗೆ ಜೇನುತುಪ್ಪ ಮುಟ್ಟಿಸಬೇಕೆಂದು ನನ್ನ ಅತ್ತೆ, ಫೋನಿನಲ್ಲಿ. ಎರಡೂ ಕೂಡದು. ವರ್ಷ ತುಂಬದ ಮಗುವಿಗೆ ಜೇನಿನಿಂದ ಬಾಟ್ಯುಲಿಸಂ ತಗಲಬಹುದೆಂದು ನಾನು ತಿಳಿದದ್ದು ತರಬೇತಿಯಲ್ಲಿ, ನನ್ನ ಮಗನಿಗೆ ನೆಕ್ಕಿಸಿ ಆದಮೇಲೆ. ಕೂಸನ್ನು ಬೋರಲು ಮಲಗಿಸುವುದನ್ನೂ ಬಿಡಬೇಕಾಯಿತು. ಅಂಗಾತ ಮಲಗಿಸಿ ಎಂಬ ಪ್ರಚಾರ ಇಲ್ಲಿ 1994ರಲ್ಲೇ ಶುರುವಾಗಿತ್ತು.

5. ಬೀದಿಯ ಜಗಳ ಒಳಗೂ ಬರುತ್ತದೆ

1974ರಲ್ಲಿ ಕಪ್ಪು ಮತ್ತು ಬಿಳಿ ಮಕ್ಕಳನ್ನು ಒಂದೇ ಶಾಲೆಗಳಲ್ಲಿ ಕೂರಿಸಲು ಕೋರ್ಟು ಬಸ್ಸುಗಳನ್ನು ಬಿಡಿಸಿತು. ಐರಿಷರೇ ತುಂಬಿದ್ದ ಸೌತ್ ಬಾಸ್ಟನ್‌ನಲ್ಲಿ ಕಪ್ಪು ಮಕ್ಕಳ ಬಸ್ಸುಗಳ ಮೇಲೆ ಕಲ್ಲು ಬಿದ್ದವು. ಆಗ ನ್ಯಾನಾ ಹತ್ತಿರ ಪಕ್ಕದ ಬೀದಿಯ ಒಬ್ಬಳು ಕಪ್ಪು ಹುಡುಗಿ ಇದ್ದಳು. ಕೆಲವರು ತಮ್ಮ ಮಕ್ಕಳನ್ನು ಬಿಡಿಸಿಕೊಂಡರು. ಹುಡುಗಿಯನ್ನು ನ್ಯಾನಾ ಕಳಿಸಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಅವಳ ಬಗ್ಗೆ ಆಡಿಕೊಂಡವರಿಗೆ ಎದುರಾಡಲೂ ಇಲ್ಲ. "ಬಾಯಿ ಬಿಡಬೇಕಿತ್ತು" ಎಂದು ನನ್ನೆದುರು ಹೇಳಿದ್ದರು. ಮುಂದೆ ನಮ್ಮವರೊಬ್ಬರು "ನಿಮ್ಮಲ್ಲಿಗೆ ಯಾವ ಥರದ ಮಕ್ಕಳು ಬರ್ತಾರೆ?" ಎಂದು ದನಿ ತಗ್ಗಿಸಿ ಕೇಳಿದಾಗ ನಾನು ನಕ್ಕು ಮಾತು ತಿರುಗಿಸಿದೆ. ಎದುರಿಗೆ ಗಲಾಟೆಯಿರಲಿಲ್ಲ, ಕಲ್ಲಿರಲಿಲ್ಲ. ಇಡ್ಲಿ ತಟ್ಟೆ ಮಾತ್ರ ಇತ್ತು.

6. ದಂಡ ಹಾಕಬೇಡಿ, ಕೂರಿಸಿ

ಐದೂವರೆಗೆ ಬರಬೇಕಾದವರು ಆರೂಕಾಲಾದರೂ ಪತ್ತೆಯಿರುತ್ತಿರಲಿಲ್ಲ. ತಡವಾದರೆ ಇಷ್ಟು ಡಾಲರ್ ಎಂದು ಬೋರ್ಡು ಬರೆದೆ. ಇನ್ನೂ ತಡ ಮಾಡಿದರು. ದುಡ್ಡು ಕೊಟ್ಟಾಯಿತಲ್ಲ, ಸಂಕೋಚ ಯಾಕೆ? ಇಸ್ರೇಲಿನ ಹೈಫಾದ ಡೇಕೇರ್‌ಗಳಲ್ಲಿ ಹೀಗೇ ಆಗಿದ್ದನ್ನು ಇಬ್ಬರು ಅರ್ಥಶಾಸ್ತ್ರಜ್ಞರು 2000ನೇ ಇಸವಿಯಲ್ಲಿ ಪ್ರಕಟಿಸಿದ್ದರಂತೆ. ಬೋರ್ಡು ಬರೆಯುವ ಮೊದಲೇ ಓದಿದ್ದರೆ ಚೆನ್ನಾಗಿತ್ತು. ನ್ಯಾನಾ ದಂಡ ಹಾಕುತ್ತಿರಲಿಲ್ಲ. ಹೊತ್ತಾದರೆ ಮಗುವಿಗೆ ಊಟ ಬಡಿಸುತ್ತಿದ್ದರು, ತಟ್ಟೆ ಖಾಲಿಯಾಗುವವರೆಗೆ ಏಳಿಸುತ್ತಿರಲಿಲ್ಲ. ಅಪ್ಪನೋ ಅಮ್ಮನೋ ಅಲ್ಲೇ ಕೂತು, ಕಪ್ಪಗೆ ಕುದಿಸಿದ ಟೀ ಕುಡಿಯುತ್ತ, ಮಗುವಿನ ಇಡೀ ದಿನದ ವರದಿ ಕೇಳಲೇಬೇಕು. ಅವಸರದವರೆಲ್ಲ ಮಾರನೆಯ ದಿನದಿಂದ ಐದೂಕಾಲಿಗೇ ಹಾಜರು. ನಾನೂ ಬೋರ್ಡು ಇಳಿಸಿ ಅದನ್ನೇ ಮಾಡುತ್ತಿದ್ದೇನೆ. ದೋಸೆ ಹುಯ್ಯುವ ಶುಕ್ರವಾರ ಮಾತ್ರ ಬೇಕೆಂದೇ ತಡ ಮಾಡುತ್ತಾರೆ.